ಅಳತೆ ಪುಸ್ತಕ

ಗಾಸ್ಪೋರ್ಟಿನ ನಮ್ಮಂಗಡಿಯ ಅಳತೆ ಪುಸ್ತಕದಲ್ಲಿ
ಪುಟ ನಲವತ್ತೊಂದು: ಹಾಸ್ಕಿನ್, ಎವೆರಾರ್ಡ್.
ಕೆಡೆಟ್. ವಯಸ್ಸು ಹದಿಮೂರು. ಎದೆ ಇಪ್ಪತ್ತೆಂಟು ಅಂಗುಲ.
ಅಕ್ಷರ ಅಪ್ಪನದು. ಟೇಪಿನ ಆಚೆ ತುದಿ ಹಿಡಿದವಳು ನಾನು,
ಹನ್ನೊಂದರ ಪೋರಿ.
"ಬೆಳೆಯುವ ಹುಡುಗ, ತೋಳಲ್ಲಿ ಎರಡು ಮಡಿಕೆ ಬಿಡಿ" ಅಂದರು ಅವರಮ್ಮ.
ಅವನು ಕನ್ನಡಿ ನೋಡಲಿಲ್ಲ. ಕಿಟಕಿಯಾಚೆ
ಯಾರೋ ದೋಣಿಗೆ ಹಾಕುತ್ತಿದ್ದ ಗಂಟನ್ನು ನೋಡುತ್ತಿದ್ದ,
ತುಟಿಯೊಳಗೇ ಏನೋ ಎಣಿಸುತ್ತ.

ಮಡಿಕೆ ಬಿಚ್ಚಿದೆವು, ಒಂದು, ಮತ್ತೊಂದು.
ಲೆಫ್ಟಿನೆಂಟ್ ಆದಾಗ ಎರಡು ಜರಿಪಟ್ಟಿ, ಮೇಲಿನದಕ್ಕೆ ಸುರುಳಿ.
ಸುರುಳಿ ಕೂರಿಸುವುದು ಸುಲಭವಲ್ಲ. ಜರಿ ಹಟಮಾರಿ;
ಬಗ್ಗಿಸಿದಷ್ಟೂ ನೆಟ್ಟಗಾಗುತ್ತದೆ.
ಹಾಂಕಾಂಗಿನಿಂದ ಒಂದು ಕಾಗದ: ಬಾಕಿಗೆ ಕ್ಷಮೆ.
ಮಾಲ್ಟಾದಿಂದ ಇನ್ನೊಂದು: ಬಾಕಿಯ ಅರ್ಧ,
ಜೊತೆಗೆ ಅಪ್ಪನಿಗೆ ಒಂದು ಪೊಟ್ಟಣ ಒಣ ಅಂಜೂರ.
ನಾವಿಕರ ಸಂಬಳಕ್ಕೆ ಕತ್ತರಿ ಬಿದ್ದ ವರ್ಷ ಮಾತ್ರ
ತಾನೇ ಬಂದು ಪೂರಾ ಹಣ ಮೇಜಿನ ಮೇಲಿಟ್ಟ.
"ಈ ವರ್ಷ ಸಾಲ ಇಟ್ಟುಕೊಳ್ಳಲು ನಾಚಿಕೆ" ಅಂದ. ಅಷ್ಟೇ.
ಆಗ ಎರಡೂವರೆ ಪಟ್ಟಿ. ಎದೆ ಮೂವತ್ತೊಂಬತ್ತು.

ಆಮೇಲೆ ಯುದ್ಧದ ಆ ಚಳಿಗಾಲ.

ಮಂಗಳವಾರ ಬಂದವಳು ನಮ್ಮ ಬೀದಿಯ ಮಿಸೆಸ್ ಬಡ್ಡನ್.
ಕಪ್ಪು ಉಡುಪು ಬೇಕು, ಕೂಪನ್ ಸಾಲದು.
ನನ್ನವೆರಡು ಸೇರಿಸಿದೆ.
ಅವಳ ಸಿರಿಲ್, ಹದಿನೆಂಟು ತುಂಬದ ಸಿಗ್ನಲ್ ಹುಡುಗ,
ಉತ್ತರದ ಮಂಜುಗಡಲಲ್ಲಿ ಡೆಕ್ಕಿನಿಂದ ಅಲೆ ಎಳೆದೊಯ್ದಿತಂತೆ.
ಕೂಗು ಕೇಳಿಸಿತಂತೆ. ಹಡಗು ತಿರುಗಲಿಲ್ಲವಂತೆ:
ಬೆನ್ನಿಗೆ ಮೂವತ್ತು ಸರಕು ಹಡಗು, ಕತ್ತಲು,
ಕೆಳಗೆಲ್ಲೋ ಹೊಂಚಿದ ಶತ್ರು.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ಆ ನೀರೂ ಉಪ್ಪಾದರೆ?

ಗುರುವಾರ ಬಂದವನು ಅದೇ ಹಡಗಿನ ಕಮಾಂಡರ್ ಹಾಸ್ಕಿನ್.
ಬಡ್ತಿ. ನಾಲ್ಕನೆಯ ಪಟ್ಟಿ.
ಸೂಜಿಯ ಕಣ್ಣಿನಿಂದ ಕಪ್ಪು ದಾರ ಎಳೆದು ಹಳದಿ ಪೋಣಿಸಿದೆ.
ಅಪ್ಪ ಹೋಗಿ ವರ್ಷವಾಗಿತ್ತು; ಟೇಪಿನ ಎರಡೂ ತುದಿ ನನ್ನ ಕೈಯಲ್ಲೇ.
"ಒಳಗೆ, ಎಡಗಡೆ, ಒಂದು ಜೇಬು ಬೇಕು."
ಎಷ್ಟು ದೊಡ್ಡದು?
ಹೆಬ್ಬೆರಳು ತೋರಿಸಿದ.
ಏನಿಡಲಿಕ್ಕೆ ಎಂದು ದರ್ಜಿ ಕೇಳಬಾರದು. ಕೇಳಿದೆ.
"ಇಪ್ಪತ್ತೇಳನೆಯ ನಂಬರಿನ ಮನೆ ಯಾವ ಕಡೆ?" ಅಂದ.
ಕೈ ತೋರಿಸಿದೆ. ಹೋದನೋ, ಮೂಲೆಯಲ್ಲೇ ತಿರುಗಿದನೋ,
ಮಿಸೆಸ್ ಬಡ್ಡನ್ ಬಾಯಿ ಬಿಡಲಿಲ್ಲ,
ನಾನು ಕಿಟಕಿಗೆ ಹೋಗಲಿಲ್ಲ.

ರಿಯರ್ ಅಡ್ಮಿರಲ್ ಆದಾಗ ಹೊಸ ಕೋಟು ಬೇಡವೆಂದ.
ಇದರದ್ದೇ ನಾಲ್ಕು ಪಟ್ಟಿ ಕಿತ್ತು
ಒಂದು ಅಗಲದ್ದು, ಒಂದು ಸಣ್ಣದ್ದು ಹಾಕು ಅಂದ.
ಅಗಲದ್ದರ ಅಡಿಯಲ್ಲಿ ಹಳೆಯ ತೂತುಗಳು ಅಡಗಿದವು.
ಅಡ್ಮಿರಾಲ್ಟಿಯಲ್ಲಿ ಕುರ್ಚಿ, ಶಾಲೆಗಳಲ್ಲಿ ಬಹುಮಾನ ಹಂಚಿಕೆ,
ಎದೆಗೆ ಎರಡು ಸಾಲು ರಿಬ್ಬನ್,
ನಿವೃತ್ತಿಗೆ ಬೆಳ್ಳಿಯ ತಟ್ಟೆ.
ಮತ್ತೆ ಪ್ರತಿ ನವೆಂಬರಿಗೆ ಮುಂಚೆ ಬಂದು ನಿಲ್ಲುತ್ತಿದ್ದ,
ಸ್ಮಾರಕದ ದಿನಕ್ಕೆ ಕೋಟು ಕಿರಿದು ಮಾಡಿಸಲು:
ಮೂವತ್ತೆಂಟು. ಮೂವತ್ತಾರೂವರೆ. ಮೂವತ್ತೈದು.
ಪುಟ ತುಂಬಿತು, ಅಂಚಿನಲ್ಲಿ ಬರೆದೆ.

ಪತ್ರಿಕೆಯಲ್ಲಿ ಒಂದೂವರೆ ಅಂಕಣ ಬಂತು.
ಹಡಗುಗಳ ಹೆಸರು, ಬಂದರುಗಳ ಹೆಸರು, ಪತ್ನಿಯ ಹೆಸರು.
ಇನ್ನೊಂದು ಹೆಸರಿಗೆ ಹುಡುಕಿದೆ.
ಇರಲಿಲ್ಲ, ಇರುವುದಾದರೂ ಹೇಗೆ.

ಮಿಸೆಸ್ ಹಾಸ್ಕಿನ್ ಕೋಟು ತಂದರು.
ಜರಿ ಬಿಚ್ಚಿ ತೂಕಕ್ಕೆ ಹಾಕು, ಬಟ್ಟೆ ನಾಟಕದ ಹುಡುಗರಿಗೆ.
ಬಿಚ್ಚಿದೆ. ಎರಡೂಕಾಲು ಔನ್ಸ್ ತೂಗಿತು.
ಅದರ ಕೆಳಗೆ ನೀಲಿ ಇನ್ನೂ ಅಂಗಡಿಯ ನೀಲಿ,
ಬಿಸಿಲು, ಉಪ್ಪು ಕಾಣದ್ದು,
ಅದರ ಮೇಲೆ ನನ್ನದೇ ಸೂಜಿಯ ನಾಲ್ಕು ಸಾಲು ಚುಕ್ಕಿ.

ಜೇಬಿಗೆ ಬೆರಳಿಟ್ಟೆ. ಏನೂ ಇಲ್ಲ.
ಕಾಗದವಿಲ್ಲ, ಪಟವಿಲ್ಲ, ಒಂದು ಗುಂಡಿಯೂ ಇಲ್ಲ.
ಅಸ್ತರಿ ಮಾತ್ರ ಒಂದೇ ಜಾಗದಲ್ಲಿ ಸವೆದು ಸವೆದು
ಬಲೆಯಾಗಿ, ನನ್ನ ಉಗುರು ಆಚೆ ಕಂಡಿತು.

"ಹರಿದಿದೆಯಲ್ಲ, ರಫೂ ಮಾಡುತ್ತೀರಾ?" ಅಂದರು ಆಕೆ.
ಹರಿದದ್ದಲ್ಲ ಮೇಡಂ, ಅಂದೆ.