ಕೀ ಕೈಯಲ್ಲಿದೆ

ಕೀ ತಿರುಗಿಸಿದ್ದಾಯಿತು. ಕಿತ್ತು ಜೇಬಿಗೆ ಹಾಕಿದ್ದೂ ಆಯಿತು.
ಬಂಡಿ ನಿಲ್ಲಲಿಲ್ಲ.
ರಾತ್ರಿ ಹನ್ನೊಂದೂ ಮುಕ್ಕಾಲು, ಪೀಣ್ಯ ಎರಡನೇ ಹಂತ,
ಕೊನೇ ಶಿಫ್ಟಿನ ಹೆಂಗಸರು ಇಳಿದು ಹೋಗಿ ಅರ್ಧ ಗಂಟೆ.
ಸೀಟೆಲ್ಲ ಖಾಲಿ. ಕಿಟಕಿಗಳು ಮಾತ್ರ
ಚಳಿಜ್ವರದವರ ಹಾಗೆ ಹಲ್ಲು ಕಟಕಟಿಸುತ್ತಿವೆ.

ಮುನಿಶಾಮಣ್ಣ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾನೆ:
"ಕೀ ಇಲ್ಲೇ ಐತಲ್ಲ ಸಗಾಯಿ,
ಇದು ಇನ್ಯಾರ ಮಾತು ಕೇಳ್ತಾ ಐತೆ?"

ಯಾರದ್ದೂ ಇಲ್ಲಣ್ಣ.
ಡೀಸೆಲ್ಲಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು
ಹಿಂಡಿ ಹಿಂಡಿ ಕೆಂಡ ಮಾಡಿ, ಮೇಲೊಂದು ತುಂತುರು ಎಣ್ಣೆ.
ಐಟಿಐಯಲ್ಲಿ ಐದು ಅಂಕದ ಪ್ರಶ್ನೆ ಅದು.
ಬರೆದಿದ್ದೆ. ನಾಲ್ಕು ಕೊಟ್ಟಿದ್ದರು.

ಪ್ಯಾರೇಜಾನ್ ಸಾಬರು ಚಾಪೆಯಿಂದ ಎದ್ದು ಬಂದರು, ಲುಂಗಿಯಲ್ಲೇ.
ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಮುಕ್ಕಾಲು,
ನಲವತ್ತು ವರ್ಷ ಇಂಥವೇ ತಿಂದದ್ದು.
ಉದ್ದ ಸ್ಕ್ರೂಡ್ರೈವರಿನ ಮೊನೆ ಎಂಜಿನ್ನಿಗಿಟ್ಟು
ಹಿಡಿಯನ್ನು ದವಡೆ ಮೂಳೆಗೆ ಒತ್ತಿ
ಕಣ್ಣು ಮುಚ್ಚಿದರು.
"ಸ್ಟಾಪ್ ಕೇಬಲ್ ಎಳಿ."
ಎಳೆದೆ. ಲಂಗದಿಂದ ಜಾರಿದ ಲಾಡಿಯ ಹಾಗೆ
ಒಳಗಿನ ತಂತಿ ಪೂರಾ ಕೈಗೇ ಬಂತು.

ಬಾನೆಟ್ಟಿನ ರೆಕ್ಸಿನ್ ಹೊದಿಕೆ ಮಡಿಸಿಟ್ಟೆ.
ಇಂಥದ್ದರ ಮೇಲೆ ನಾನೂ ಕೂತವಳೇ, ಡ್ರೈವರಿನ ಪಕ್ಕ,
ಕೆಳಗೆ ನಾಲ್ಕು ಮಡಿಕೆ ಟವೆಲು, ತೊಡೆಗೆ ಬಿಸಿ,
ಅಮ್ಮನ ಬುತ್ತಿಯೂ ಅಲ್ಲೇ,
ಮಧ್ಯಾಹ್ನದವರೆಗೂ ಬೆಚ್ಚಗಿರಲೆಂದು.
ಆಗ ಈ ಸದ್ದಿಗೆ ನಿದ್ದೆ ಬರುತ್ತಿತ್ತು.

"ಪಂಪಿನ ಲಿವರ್ ತಳ್ಳು."
ಹೆಬ್ಬೆರಳಲ್ಲಿ ತಳ್ಳಿದೆ, ಸ್ಪ್ಯಾನರಿನ ಬೆನ್ನಲ್ಲಿ ತಟ್ಟಿದೆ.
ಒಳಗೆಲ್ಲೋ ಅಂಟಿಕೊಂಡಿದೆ, ಜಪ್ಪಯ್ಯ ಅನ್ನಲಿಲ್ಲ.
"ಪೈಪ್ ಬಿಚ್ಚು ಹಾಗಾದ್ರೆ."
ಹದಿನೇಳರ ಸ್ಪ್ಯಾನರು, ಮೊಣಕೈವರೆಗೆ ಡೀಸೆಲು.
ಇಪ್ಪತ್ತು ಎಣಿಸಿದೆ. ಅರವತ್ತು. ನೂರಾಹತ್ತು.

ನಿಲ್ಲುವುದಿರಲಿ, ಸದ್ದು ಏರಿತು.
ಕಪ್ಪಗಿದ್ದ ಹೊಗೆ ನೀಲಿ ತಿರುಗಿತು.
ಸಾಬರು ಮೂಸಿ ನೋಡಿದರು:
"ಟರ್ಬೋ ಸೀಲ್ ಹೋಗದೆ.
ತನ್ನ ಆಯಿಲ್ ತಾನೇ ಕುಡೀತಾ ಅದೆ."

ಓನರು ಫೋನಿನಲ್ಲಿ: "ಆಫ್ ಮಾಡ್ರೋ ಅದನ್ನ!"
ಆಮೇಲೆ: "ಬೆಳಿಗ್ಗೆ ಐದಕ್ಕೆ ಟ್ರಿಪ್ ಐತೆ, ನೆನಪಿರಲಿ."

"ನಾಲ್ಕನೇ ಗೇರಿಗೆ ಹಾಕಿ ಬ್ರೇಕ್ ಅದುಮಿ
ಕ್ಲಚ್ ಬಿಟ್ಟುಬಿಡ್ಲಾ ಸಾಬ್?" ಮುನಿಶಾಮಣ್ಣ ಕಿರುಚಿದ.
ಎದುರಿಗೆ ಆರಡಿ ದೂರಕ್ಕೆ ಗೋಡೆ,
ಗೋಡೆಯಾಚೆ ತಗಡಿನ ಷೆಡ್ಡು, ಅದರೊಳಗೆ
ಪವರ್ ಪ್ರೆಸ್ಸಿನ ಹುಡುಗರು ಮಲಗಿದ್ದಾರೆ.
ಬ್ರೇಕಿನ ಕಥೆ ಅವನಿಗೇ ಗೊತ್ತು.
ತಾನೇ ಸುಮ್ಮನಾದ.

ಉಳಿದದ್ದು ಗಾಳಿ.
ಅಕ್ಕಿ ಗೋಣಿಯನ್ನು ಡ್ರಮ್ಮಿನಲ್ಲಿ ಅದ್ದಿ ತಂದೆ,
ಫಿಲ್ಟರಿನ ರಬ್ಬರ್ ಕೊಳವೆ ಕಳಚಿದೆ.
"ಕೈ ಇಡಬ್ಯಾಡ ಬೇಟಿ! ಎಳಕೊಂಡುಬಿಡ್ತದೆ."
ಹಲಗೆ ಹುಡುಕಿದೆ. ಮುಂದಿನ ಗಾಜಿನ ಹಿಂದೆ ಇತ್ತು ಒಂದು,
ನೆಲಗದರನಹಳ್ಳಿ ಎಂದು ಹಳದಿಯಲ್ಲಿ ಬರೆದದ್ದು.
ಬಾಯಿಗೆ ಗೋಣಿ, ಗೋಣಿಗೆ ಹಲಗೆ, ಹಲಗೆಗೆ ನಾನು,
ನಲವತ್ತೆಂಟು ಕಿಲೋ, ಪೂರ್ತಿ.

ಒಳಗಿನಿಂದ ಎಳೆಯಿತು. ನನ್ನನ್ನೇ ಎಳೆಯುವಂತೆ.
ಹಲಗೆ ಬಿಲ್ಲಾಯಿತು, ಬಂಡಿ ಇಡೀ
ನೆನೆದ ನಾಯಿಯಂತೆ ಒಂದು ಸಲ ಮೈ ಕೊಡವಿ,
ಇನ್ನೊಂದು ಸಲ,
ಆಮೇಲೆ ಇಲ್ಲ.

ಯಶವಂತಪುರದ ಕಡೆ ಯಾವುದೋ ಗೂಡ್ಸು ಹೋಗುತ್ತಿತ್ತು,
ಅದು ಎಷ್ಟು ಹೊತ್ತಿನಿಂದ ಹೋಗುತ್ತಿತ್ತೋ.
ಮುನಿಶಾಮಣ್ಣ ಜೇಬಿನಿಂದ ಕೀ ತೆಗೆದು ಸಿಕ್ಕಿಸಿ,
ಆನ್ ಮಾಡಿ, ಮತ್ತೆ ಆಫ್ ಮಾಡಿದ.

ಸಾಬರ ಅಂಗೈ ಎಂಜಿನ್ನಿನ ಮೇಲೇ ಇತ್ತು.
ಅಂಗೈಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು?
ಆದರೂ ನನ್ನನ್ನೇ ಕೇಳಿದರು: "ನಿಂತಿತಾ?"
ನನ್ನ ಕಿವಿಯಲ್ಲಿ ಇನ್ನೂ ಓಡುತ್ತಿತ್ತು.
ನಿಂತಿತು ಸಾಬ್ ಅಂದೆ, ಬಲಗಿವಿಗೆ.

"ಇರಲಿ. ಗೋಣಿ ತೆಗೀಬ್ಯಾಡ
ಇನ್ನೂ ಸ್ವಲ್ಪ ಹೊತ್ತು."