ತೊಳೆದವನ ತಂಡ

ಕ್ಲೈಟಸನ ಕ್ಷೌರದಂಗಡಿಯಲ್ಲಿ ಈ ವಾರ ಇದೇ ಪಂಥ:
ನಮ್ಮ ಕಾಲೇಜಿಗೆ ಇದುವರೆಗೆ ಆಡಿದವರಲ್ಲಿ
ಹನ್ನೊಂದು ಜನರನ್ನು ಆರಿಸಿ ಬರೆದುಕೊಡಬೇಕು.
ಗೆದ್ದವನಿಗೆ ವರ್ಷವಿಡೀ ಪುಕ್ಕಟೆ ಕ್ಷೌರ.
ನನಗೆ ಉಳಿದಿರುವುದು ಕಿವಿಯ ಮೇಲಿನ ನಾಲ್ಕು ಕೂದಲು.
ಆದರೂ ಬರೆಯುತ್ತಿದ್ದೇನೆ,
ಬೀಜದಂಗಡಿಯ ಕ್ಯಾಲೆಂಡರಿನಿಂದ
ಅಕ್ಟೋಬರ್ ಹರಿದು, ಅದರ ಬೆನ್ನ ಮೇಲೆ.

ಅವರೆಲ್ಲ ಗ್ಯಾಲರಿಯಿಂದ ಆಟ ಕಂಡವರು,
ಗಜ ಎಣಿಸುತ್ತಾರೆ, ಟಚ್‌ಡೌನ್ ಕೂಡುತ್ತಾರೆ.
ನಾನು ನೆಲಮಾಳಿಗೆಯವನು.
ಮೂವತ್ತೆಂಟು ವರ್ಷ, ಶನಿವಾರದ ರಾತ್ರಿ
ಎರಡು ದೊಡ್ಡ ಯಂತ್ರಗಳ ನಡುವೆ ನಿಂತು
ಅವರ ಜೆರ್ಸಿ ಒಗೆದವನು.
ಯಾವುದು ಓಹಾಯೋ ನದಿಯ ಕೆಸರು, ಯಾವುದು ಗೆರೆಯ ಸುಣ್ಣ,
ಯಾವುದು ಸ್ವಂತ ರಕ್ತ, ಯಾವುದು ಎದುರಾಳಿಯದು,
ಬಲ್ಬಿಗೆ ಹಿಡಿದರೆ ಸಾಕು, ಹೇಳುತ್ತಿದ್ದೆ.

ಮೊದಲು ಸಾಲು ಕಟ್ಟುವವರು,
ಚೆಂಡನ್ನೇ ಹಿಡಿಯದೆ ಆಯುಷ್ಯ ಕಳೆಯುವವರು.
ನಡುವಿಗೆ ವೊಯ್ಚಿಕ್, ಕಲ್ಲಿದ್ದಲ ಗಣಿಯವನ ಮಗ.
ನಾಲ್ಕು ವರ್ಷವೂ ಅವನ ಜೆರ್ಸಿಯ ಎದೆ ಕೊಳೆ, ಬೆನ್ನು ಮಡಿ.
ಅಂದರೆ ಅವನನ್ನು ಯಾರೂ ಅಂಗಾತ ಕೆಡವಲಿಲ್ಲ.
ಎಡಕ್ಕೆ ಹಾಡ್ಜ್ ಸೋದರರು, ಒತ್ತೊತ್ತಿಗೆ.
ಹಳೇ ಟ್ರಕ್ಕೊಂದರ ಪಾಲಿಗಾಗಿ ಮಾತು ಬಿಟ್ಟವರು,
ಆದರೆ ಇಬ್ಬರ ನಡುವೆ ಗಾಳಿಯೂ ನುಸುಳಲಿಲ್ಲ.
ಬಲಕ್ಕೆ ಫಾಲೆನಿಕೊ, ಸಮೋವಾದವನು.
ಅವನ ಮೈಗೆ ಜೆರ್ಸಿಯೇ ಇರಲಿಲ್ಲ, ಎರಡು ಕತ್ತರಿಸಿ ಒಂದು ಹೊಲಿದೆ.
ಮೊದಲ ಹಿಮ ಬಿದ್ದ ದಿನ ಕೆಳಗಿಳಿದು ಬಂದು
ಬಟ್ಟೆ ಒಣಗಿಸುವ ಯಂತ್ರಕ್ಕೆ ಬೆನ್ನು ಕೊಟ್ಟು ಕೂತ.
ನಾನೂ ಏನೂ ಕೇಳಲಿಲ್ಲ.

ಓಡಲು ಲೆವಾಂಡರ್ ಪ್ರುಯಿಟ್.
ಕ್ಲೈಟಸ್ ಬರೆಯುವುದು ಅವನ ತೊಂಬತ್ತೊಂದು ಗಜದ ಓಟ.
ನನಗೆ ನೆನಪಿರುವುದು ಅದರ ಮುಂದಿನ ವಾರ,
ಮೂರು ಸಲ ಚೆಂಡು ಕೈಬಿಟ್ಟು, ಊರಿಗೆ ಊರೇ ಉಗಿದು,
ರಾತ್ರಿ ತಾನೇ ಬಂದು ತೋಳಿನ ಕಲೆ ತಿಕ್ಕಿದ, ತಿಕ್ಕಿದ.
ಅದು ಕಲೆಯೇ ಅಲ್ಲ,
ಬಟ್ಟೆ ಬಣ್ಣ ಬಿಟ್ಟದ್ದು.

ಕ್ವಾರ್ಟರ್‌ಬ್ಯಾಕ್ ಎಂದರೆ ಎಲ್ಲರ ಬಾಯಲ್ಲೂ ಕೆಲ್ಸಿಂಗರ್,
ಬ್ಯಾಂಕಿನ ಗೋಡೆಯ ಮೇಲೆ ಇಂದಿಗೂ ಅವನ ಚಿತ್ರ.
ಒದ್ದೆ ಟವೆಲನ್ನು ನನ್ನ ಮುಖಕ್ಕೆ ಎಸೆಯುತ್ತಿದ್ದ.
ಗುರಿ ಚೆನ್ನಾಗಿತ್ತು, ಒಪ್ಪುತ್ತೇನೆ.
ನನ್ನವನು ಡ್ವೇನ್ ಆಶ್‌ಬಾ. ಒಂದೇ ಋತು ಆಡಿದ.
ಉಕ್ಕಿನ ಮಿಲ್ಲು ಅಪ್ಪನ ಬೆರಳು ತಿಂದ ಮೇಲೆ
ಅದೇ ಪಾಳಿಗೆ ಮಗ ಹೋದ.
ಹೋಗುವ ದಿನ ಜೆರ್ಸಿಯನ್ನು ಒಗೆದು ಮಡಿಸಿ ತಂದುಕೊಟ್ಟ.
ಅಷ್ಟು ಕೆಟ್ಟ ಮಡಿಕೆ ನಾನು ಕಂಡಿಲ್ಲ.
ಬಿಚ್ಚದೆ ಹಾಗೇ ಇಟ್ಟಿದ್ದೇನೆ.

ಇನ್ನೈದು ಹೆಸರು ಬರೆದಾಯಿತು, ಕಾರಣ ಕೇಳಬೇಡಿ.
ಒಬ್ಬನನ್ನಂತೂ ಸೋತ ದಿನವೂ ಸೀಟಿ ಹಾಕುತ್ತಿದ್ದ ಎಂಬುದಕ್ಕೆ.

ಹನ್ನೊಂದಾಯಿತು. ಪೆನ್ನು ಇಡಬೇಕು.

ಆದರೆ ಅರವತ್ತೆರಡನೇ ನಂಬರು, ಎಮರಿ ಟಲ್.
ನಾಲ್ಕು ವರ್ಷ ಬೆಂಚಿನ ತುದಿ.
ಪುಟ್ಟ ಮಕ್ಕಳನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ,
ಇವನು ತಿರುವುಮುರುವು: ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಇಸ್ತ್ರಿಯ ಗೆರೆ ಕೂಡ ಮಾಸದೆ
ಅವನ ಜೆರ್ಸಿ ಬುಟ್ಟಿಗೆ ಬೀಳುತ್ತಿತ್ತು.
ಅದನ್ನೂ ಒಗೆಯುತ್ತಿದ್ದೆ, ಅಷ್ಟೇ ಸೋಪು ಹಾಕಿ.
ಒಗೆಯದೆ ಕೊಟ್ಟರೆ ಗೊತ್ತಾಗಿಬಿಡುತ್ತದೆ ಹುಡುಗನಿಗೆ.

ಅವನ ಕೊನೆಯ ಶನಿವಾರ, ಮೊಣಕೈ ಹತ್ತಿರ ಹುಲ್ಲಿನ ಹಸಿರು.
ಅವತ್ತೂ ಅವನನ್ನು ಇಳಿಸಿರಲಿಲ್ಲ.
ಎಲ್ಲರೂ ಹೋದ ಮೇಲೆ, ದೀಪ ಆರಿದ ಮೈದಾನದಲ್ಲಿ
ಒಬ್ಬನೇ ಓಡಿ, ಬಿದ್ದು, ಎದ್ದು ಬಂದಿರಬೇಕು.
ಆ ಒಂದು ಕಲೆಯನ್ನು ನಾನು ತೆಗೆಯಲಿಲ್ಲ.

ಹನ್ನೆರಡನೆಯ ಹೆಸರು ಬರೆದೆ.
ಹನ್ನೆರಡು ಜನ ಇಳಿದರೆ ದಂಡ, ಐದು ಗಜ ಹಿಂದಕ್ಕೆ,
ಕ್ಲೈಟಸ್ ಕತ್ತರಿ ಆಡಿಸುತ್ತ ಹೇಳುತ್ತಾನೆ, ಗೊತ್ತು.
ಹೋಗೋಣ ಹಿಂದಕ್ಕೆ.
ಐದೇ ಗಜ ತಾನೆ.
ವೊಯ್ಚಿಕ್ ಇದ್ದಾನೆ.