ಬಾಡಿಗಿ ಇಲ್ಲದ ಸವಾರಿ

ಸೋಲಾಪುರದ ಒಂದೊಂದು ಓಣಿನೂ ನನಗ
ಬಾಡಿಗಿ ಲೆಕ್ಕದಾಗ ಗೊತ್ತು.
ಸ್ಟೇಶನ್ನಿಂದ ಸಾತ್ ರಸ್ತಾಕ್ಕ ಇಷ್ಟು,
ಅಕ್ಕಲಕೋಟ ನಾಕಾಕ್ಕ ಇಷ್ಟು,
ರಾತ್ರಿ ಹನ್ನೊಂದರ ಮ್ಯಾಲಾದ್ರ ದೀಡ ಪಟ್ಟು.
ಮಂದಿ ಟ್ರಂಕು, ಮಂದಿ ಹಡದ ಕೂಸು,
ಹೊಸಾ ಸೊಸಿ, ಅಕಿ ತೊಡಿ ಮ್ಯಾಲಿನ ಮಿಕ್ಸರ್ ಡಬ್ಬಿ,
ಎಲ್ಲಾ ಇಳಿಸೀನಿ ಮಂದಿ ಬಾಗಿಲಾಗ.
"ಏರಿಯಾ ಚೊಲೋ ಅದ ಏನು ತಮ್ಮಾ?" ಅಂದ್ರ
"ಭಾರೀ ಅದ ಬಾಯಿ" ಅಂದೀನಿ
ಚಿಲ್ಲರ ಎಣಿಸ್ಕೋತ.

ವಳಸಂಗದಿಂದ ಹೆಣ್ತಿ ಮಕ್ಕಳನ್ನ ಕರಕೊಂಡು ಬರೂ ವ್ಯಾಳ್ಯಾಕ್ಕ,
ಬಾಡಿಗಿ ಇಸಗೋಳೂ ಕೈ
ಬಾಡಿಗಿ ಕೊಡೂ ಮನಿ ಹುಡುಕೂ ಮುಂದ,
ಒಂದು ಓಣಿನೂ ಗೊತ್ತಿಲ್ಲ ನನಗ.

ಮೊದಲು ಹೋಟಗಿ ರೋಡು.
ಗೇಟಿಗಿ ಬೋರ್ಡು: ಫಕ್ತ ಫ್ಯಾಮಿಲಿಸಾಠಿ.
ರೇವಣ್ಯಾ ಲಿಫ್ಟಿನ ಗುಂಡಿ ಒತ್ತಿ ಒತ್ತಿ ನಕ್ಕ,
ವಾಚಮನ್ ಅವನ ಬಟ್ಟ ಹಿಡದು ತಗದ.
ಮಾಲಕ್ರು ಅಡ್ಡಹೆಸರು ಕೇಳಿದ್ರು,
ಏನೇನು ತಿಂತೀರಿ ಕೇಳಿದ್ರು,
ರಿಕ್ಷಾ ಒಳಗ ನಿಲ್ಲಸೂದಿಲ್ಲಲ್ಲ, ಅಂದ್ರು.
ಭೌರಮ್ಮ ಅಲ್ಲಿ ಪಿಟ್ಟೆನ್ನಲಿಲ್ಲ.
ರಿಕ್ಷಾ ಏರಿದ ಮ್ಯಾಲ,
"ನಾವು ಫ್ಯಾಮಿಲಿ ಅಲ್ಲಂತ ಕಾಣ್ತದ" ಅಂತ
ಸೆರಗಿಲೆ ಸುಗಲಾನ ಮೂಗ ಒರಸಿದ್ಳು.

ಶೆಳಗ್ಯಾಗ ಮನಿ ಚಂದಿತ್ತು, ನಳ ಐದು ದಿನಕ್ಕೊಮ್ಮೆ.
ಯಾವ ಹೊತ್ತಿಗಿ ಬರತದ?
ಅದರ ಮನಸಿಗಿ ಬಂದಾಗ.
ಏಜೆಂಟ ಬಟ್ಟ ಮಡಚಿ ಮಡಚಿ ಹೇಳಿದ,
ಸಾಳಿ ಹತ್ತರ, ದವಾಖಾನಿ ಹತ್ತರ, ಹೈವೇ ಹತ್ತರ.
ಭೌರಮ್ಮ ಕೇಳಿದ್ಳು:
"ಮತ್ತ ಮಂದಿ?"

ಮೂರನೇ ಐತವಾರ ಅಕಿನೇ ಅಂದ್ಳು
ಮನಿ ನೋಡೂದು ಸಾಕು, ಓಣಿ ನೋಡೂಣು.
ಕುಂಭಾರಿ ಕಡೆ, ಬೀಡಿ ಕಟ್ಟೂ ಹೆಣ್ಮಕ್ಕಳ ಲೈನು.
ಪತ್ರಾದ ಮನಿ, ಹಸರ ಬಣ್ಣ ಉದರಿದ ಬಾಗಿಲಾ.
"ಇಂಜಿನ್ ಬಂದ್ ಮಾಡಿ ಸುಮ್ನ ಕುಂದರು."
ಹಿಂದಿನ ಸೀಟಿನ್ಯಾಗ ಅಕಿ ಸವಾರಿ ಹಂಗ ಕುಂತ್ಳು,
ಎಲ್ಲಿಗಂತ ಹೇಳದ ಸವಾರಿ.

ಆರೂವರಿ. ತಂಬಾಕಿನ ವಾಸನಿ,
ಎಲ್ಲೋ ಲೂಮಿನ ಖಟಾಖಟ,
ಒಂದು ಮನ್ಯಾಗ ತೆಲುಗು, ಒಂದರಾಗ ಮರಾಠಿ,
ನಡುವ ನಮ್ಮ ರೊಟ್ಟಿ ಬಡಿಯೂ ಸಪ್ಪಳ.
ಟ್ಯೂಶನ್ ಮುಗಿಸಿದ ಹುಡುಗೇರು
ಸೈಕಲ್ ನೂಕ್ಕೋತ ಬರತಿದ್ರು, ಮಾತಾಡಕೋತ,
ಯಾರೂ ಹಿಂದ ನೋಡತಿದ್ದಿಲ್ಲ.
ಭೌರಮ್ಮ ಬಟ್ಟ ಮಡಚಿ ಅವರನ್ನ ಎಣಿಸಿದ್ಳು.

ಕಣ್ಣ ತಪ್ಪಿಸಿ ಯಾವಾಗೋ ಇಳದಿದ್ದ ರೇವಣ್ಯಾ.
ನಾಯಿಮರಿ ಬೆನ್ನ ಹತ್ತಿ
ನೀರಿನ ಟ್ಯಾಂಕರಿಗಿ ಅಡ್ಡ ಓಡಿದ.
ನಾ ಬ್ರೇಕ ಒತ್ತಿದೆ. ನಿಂತ ಗಾಡಿದು.
ಕಟ್ಟಿ ಮ್ಯಾಲಿನ ಮುದುಕಿ ತೊಡಿ ಮ್ಯಾಲಿನ ಮೊರ ಚೆಲ್ಲಿ
ಜಿಗದು ಅವನ ರಟ್ಟಿ ಜಗ್ಗಿ
ಬೆನ್ನಿಗಿ ಒಂದು ಕೊಟ್ಳು:
"ಎವರಿ ಪಿಲ್ಲಾಡ್ರಾ! ಕಣ್ಣ ಇಲ್ಲೇನು! ಗಾಢವಾ!"
ಮೂರು ಭಾಷಾ, ಒಂದ ಉಸರು.
ಓಣಿ ತಿರುಗಿ ಸುದ್ದಾ ನೋಡಲಿಲ್ಲ.
ಯಾರ ಮಗಾದ್ರೂ ಯಾರಾದ್ರೂ ಹೊಡಿಯೂದು
ಅಲ್ಲಿ ದಿನದ್ದು ಇರಬೇಕು.

ಭೌರಮ್ಮನ ಕೈ ಇನ್ನಾ ನಡಗತಿತ್ತು.
ಚೆಲ್ಲಿದ ಎಲಿ ಆರಸಾಕ ಕುಂತ್ಳು ಮುದುಕಿ ಬಾಜೂಕ.
ಅಲ್ಲಿಂದನ ನನಗ ಅಂದ್ಳು:
"ಮನಿ ಖಾಲಿ ಅದ ಏನು, ಕೇಳು."

ನಳ ಇಲ್ಲೂ ಐದು ದಿನಕ್ಕ,
ರಾತ್ರಿ ಎರಡಕ್ಕ ಯಾರರ ಬಂದು ಬಾಗಿಲಾ ಬಡೀತಾರ.
ಬ್ಯಾಸಗ್ಯಾಗ ಪತ್ರಾ ಹೆಂಚಾಗತದ.
ಸುಗಲಾನ ಕನ್ನಡ ಸಾಳಿ ನಾಕು ಕಿಲೋಮೀಟರು,
ಮುಂಜಾನಿ ಮೊದಲ ಬಾಡಿಗಿ ಬಿಟ್ಟು ಅಕಿನ್ನ ಬಿಡತೀನಿ.

ನಿನ್ನಿ ಸ್ಟೇಶನ್ನಾಗ ಒಬ್ಬಾಕಿ ಹತ್ತಿದ್ಳು,
ಸಣ್ಣ ಮಕ್ಕಳದಾವ, ಎಲ್ಲಿ ಮನಿ ಮಾಡ್ಲಿ ತಮ್ಮಾ, ಅಂದ್ಳು.
ಭಾರೀ ಅದ ಅನ್ನಾಕ ನಾಲಿಗಿ ಏಳಲಿಲ್ಲ.
"ಸಂಜಿಕ ಹೋಗಿ ಓಣ್ಯಾಗ ಕುಂದರ್ರಿ" ಅಂದೆ.
ನನ್ನ ಮಾರಿ ನೋಡಿದ್ಳು,
ಐದು ರೂಪಾಯಿ ಚಿಲ್ಲರ ವಾಪಸ ಕೇಳಿದ್ಳು.

ಮನಿಗಿ ಬಂದ್ರ ಮುದುಕಿ ಅಂಬಕ್ಕ,
ಕಟ್ಟಿಗಿ ಅಡ್ಡ ರಿಕ್ಷಾ ನಿಲ್ಲಿಸಿದ್ದಕ್ಕ
ನನಗೂ ಬೈದ್ಳು, ಮೂರೂ ಭಾಷಾದಾಗ.
ಗಾಡಿ ಸರಿಸಿದೆ.